ಹೆಜ್ಜೆ ಎಣಿಸಿ ಕಟ್ಟಿದ ಅಡುಗೆಮನೆ

ಒಂದು ಕಾಲದ ಚರಿತ್ರೆಯನ್ನು ಅದರ ಅರಮನೆ ಗುಡಿಗಳಲ್ಲಿ ಓದುವುದು ನಮ್ಮ ವಾಡಿಕೆ. ಅಡುಗೆಮನೆಯಲ್ಲಿಯೂ ಅದನ್ನು ಓದಬಹುದೆಂಬುದು ನನಗೆ ತಡವಾಗಿ ತಿಳಿಯಿತು. ಅಲಂಕಾರವನ್ನು ತೊರೆದು ಉಪಯೋಗವನ್ನೇ ನೆಚ್ಚಿದ ಆಧುನಿಕ ಗೃಹವಿನ್ಯಾಸದ ಮಾತು ಬಂದಾಗ, 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಆರಂಭವಾದ ಬೌಹೌಸ್ ಶಾಲೆಯನ್ನೂ ಅದರ ಹೆಸರಿನೊಡನೆ ಬೆಸೆದುಕೊಂಡಿರುವ ಉಕ್ಕಿನ ಕೊಳವೆಯ ಕುರ್ಚಿಗಳನ್ನೂ ಎಲ್ಲರೂ ನೆನೆಯುತ್ತಾರೆ. ಅದೇ ಕಾಲದ, ಅದೇ ನಾಡಿನ ಒಂದು ಪುಟ್ಟ ಕೋಣೆಯನ್ನು ನಾನು ಇಂದು ನೆನೆಯಬಯಸುತ್ತೇನೆ. ಅದಕ್ಕೆ ಫ್ರಾಂಕ್‌ಫರ್ಟ್ ಅಡುಗೆಮನೆಯೆಂದು ಹೆಸರು.

ಮೊದಲ ಮಹಾಯುದ್ಧದ ಬಳಿಕ ಜರ್ಮನಿಯ ನಗರಗಳಲ್ಲಿ ವಾಸಕ್ಕೆ ಮನೆಗಳು ಸಾಲದೆ ಜನ ಕಂಗೆಟ್ಟಿದ್ದರು. 1925ರಲ್ಲಿ ಫ್ರಾಂಕ್‌ಫರ್ಟ್ ನಗರಾಡಳಿತವು ಎರ್ನ್‌ಸ್ಟ್ ಮೇ ಎಂಬ ವಾಸ್ತುಶಿಲ್ಪಿಗೆ ಗೃಹನಿರ್ಮಾಣದ ಹೊಣೆಯನ್ನು ವಹಿಸಿತು. ಹಣ ಕಡಿಮೆ, ಜಾಗ ಕಡಿಮೆ, ಕಾಯುತ್ತಿದ್ದ ಕುಟುಂಬಗಳು ಸಾವಿರಾರು. ಅಲ್ಲಿನ ಸರಳತೆಯನ್ನು ಹೆತ್ತದ್ದು ಈ ಅಗತ್ಯವೇ. ಮರುವರ್ಷ ಮೇ ಅವರು ವಿಯೆನ್ನಾದಿಂದ ಮಾರ್ಗರೆಟೆ ಲಿಹೋಟ್ಸ್ಕಿ ಎಂಬ 29 ವರ್ಷದ ತರುಣಿಯನ್ನು ಕರೆಸಿಕೊಂಡರು. ವಾಸ್ತುಶಿಲ್ಪವನ್ನು ಕಲಿತ ಆಸ್ಟ್ರಿಯದ ಮೊದಲ ಮಹಿಳೆಯರಲ್ಲಿ ಆಕೆ ಒಬ್ಬರು. ಅಲಂಕಾರವನ್ನು ಅಪರಾಧದ ಸಾಲಿಗೆ ಸೇರಿಸಿದ್ದ ಅಡಾಲ್ಫ್ ಲೂಸ್ ಅವರೊಡನೆ ಕೆಲಸ ಮಾಡಿದವರು.

ಕಾರ್ಮಿಕನ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆಯುವ ಪದ್ಧತಿ ಆ ವೇಳೆಗೆ ಅಮೆರಿಕದ ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿತ್ತು. ಅದನ್ನು ಮನೆಗೆಲಸಕ್ಕೆ ಅನ್ವಯಿಸಿದ ಕ್ರಿಸ್ಟೀನ್ ಫ್ರೆಡರಿಕ್ ಅವರ ಬರಹ ಲಿಹೋಟ್ಸ್ಕಿಯವರಿಗೆ ದಾರಿ ತೋರಿತು. ಇಕ್ಕಟ್ಟಿನಲ್ಲಿಯೇ ಹಲವರಿಗೆ ಊಟ ಒದಗಿಸುವ ರೈಲುಗಾಡಿಯ ಅಡುಗೆಕೋಣೆ ಮಾದರಿಯಾಯಿತು. ಅಗಲ ಸುಮಾರು 1.9 ಮೀಟರ್, ಉದ್ದ 3.4 ಮೀಟರ್, ಅಷ್ಟರೊಳಗೆ ಎಲ್ಲವೂ ಕೈಗೆಟುಕಬೇಕು. ಕಿಟಕಿಯ ಕೆಳಗೆ ತರಕಾರಿ ಹೆಚ್ಚುವ ಹಲಗೆ, ಅದರಲ್ಲಿಯೇ ಸಿಪ್ಪೆ ಜಾರಿಸುವ ಕಂಡಿ, ಕುಳಿತು ಕೆಲಸ ಮಾಡಲು ತಿರುಗುವ ಸ್ಟೂಲು. ಗೋಡೆಯಿಂದ ಮಡಚಿ ಇಳಿಸುವ ಇಸ್ತ್ರಿ ಹಲಗೆ. ಸಕ್ಕರೆ, ಅಕ್ಕಿಗಳಿಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಗಳು. ಹುಳು ಹಿಡಿಯದಿರಲೆಂದು ಹಿಟ್ಟಿಗೆ ಮಾತ್ರ ಓಕ್ ಮರದ ಪೆಟ್ಟಿಗೆ. ನೊಣ ಕೂರುವುದಿಲ್ಲವೆಂದು ನಂಬಿ ಬಳಿದ ನೀಲಿ ಬಣ್ಣ. ನಡುಮನೆಯ ಕಡೆಗೆ ಜಾರುಬಾಗಿಲು, ಆಡುವ ಮಗುವಿನ ಮೇಲೆ ತಾಯಿಯ ಕಣ್ಣಿರಲೆಂದು. ಹೀಗೆ ಸುಮಾರು 10,000 ಮನೆಗಳಿಗೆ ಈ ಅಡುಗೆಮನೆ ಬಂದಿತು. ಇಂದು ನಮ್ಮ ಪೇಟೆಗಳಲ್ಲಿ ಮಾಡ್ಯುಲರ್ ಕಿಚನ್ ಎಂದು ಮಾರುವ ಸಿದ್ಧ ಅಡುಗೆಮನೆಗಳ ಹಿರಿಯಜ್ಜಿ ಇವಳೇ.

ಉಳಿದ ಸಮಯ ಹೆಣ್ಣಿನ ಸ್ವಂತದ್ದಾಗಬೇಕು, ಆಕೆ ಹೊರಗೆ ದುಡಿಯುವಂತಾಗಬೇಕು ಎಂಬುದು ಲಿಹೋಟ್ಸ್ಕಿಯವರ ಆಶಯವಾಗಿತ್ತು. ಆದರೆ ಬದುಕು ನಕ್ಷೆಯಷ್ಟು ವಿಧೇಯವಲ್ಲ. ಅಲ್ಲಿ ಇಬ್ಬರು ನಿಲ್ಲುವಂತಿರಲಿಲ್ಲ. ಹಳೆಯ ಅಡುಗೆಮನೆಯಲ್ಲಿ ಎಲ್ಲರೂ ಕೂಡಿ ಉಣ್ಣುತ್ತಿದ್ದ ಕುಟುಂಬಗಳಿಗೆ ಅದು ಉಸಿರು ಕಟ್ಟಿಸಿತು. ಹೆಜ್ಜೆ ಉಳಿಸಿದ ಕೋಣೆಯೇ ಹೆಣ್ಣನ್ನು ಒಂಟಿಯಾಗಿಸಿತೆಂದೂ, ಗಂಡಿಗೆ ನೆರವಾಗಲು ಸ್ಥಳವನ್ನೇ ಉಳಿಸಲಿಲ್ಲವೆಂದೂ ಮುಂದೆ ಸ್ತ್ರೀವಾದಿಗಳು ಆಕ್ಷೇಪಿಸಿದರು. ಅದರಲ್ಲಿ ಸತ್ಯವಿದೆ. ಅದನ್ನು ರಚಿಸುವ ಮೊದಲು ತಾವು ಸಂಸಾರ ನಡೆಸಿರಲಿಲ್ಲವೆಂದು ಆಕೆಯೇ ಹೇಳಿಕೊಂಡದ್ದುಂಟು.

ಆದರೂ ಆಕೆಯ ಪ್ರಾಮಾಣಿಕತೆಯನ್ನು ಶಂಕಿಸಲಾಗದು. ನಾಜಿಗಳ ವಿರುದ್ಧದ ಗುಪ್ತ ಹೋರಾಟಕ್ಕೆಂದು 1940ರ ಕೊನೆಯಲ್ಲಿ ಇಸ್ತಾಂಬುಲ್‌ನಿಂದ ವಿಯೆನ್ನಾಕ್ಕೆ ಮರಳಿದ ಆಕೆ ಕೆಲವೇ ವಾರಗಳಲ್ಲಿ ಸೆರೆಯಾದರು. 15 ವರ್ಷದ ಶಿಕ್ಷೆ. ಬಿಡುಗಡೆ ದೊರೆತದ್ದು 1945ರಲ್ಲಿ, ಯುದ್ಧ ಮುಗಿಯುವಾಗ. 2000ದಲ್ಲಿ, 103 ತುಂಬಲು ಕೆಲವೇ ದಿನಗಳಿದ್ದಾಗ ತೀರಿಕೊಂಡರು. ಬಡವರ ಬಾಡಿಗೆಮನೆಗೆಂದು ರಚಿಸಿದ ಆ ಕೋಣೆ ಈಗ ವಿಯೆನ್ನಾ, ನ್ಯೂಯಾರ್ಕ್‌ಗಳ ವಸ್ತುಸಂಗ್ರಹಾಲಯಗಳಲ್ಲಿದೆ.

ಆಕೆಯ ಉತ್ತರದಲ್ಲಿ ಕೊರತೆಗಳಿರಬಹುದು. ದುಡಿಯುವವಳ ಮೈಯನ್ನು ಅಳತೆಗೋಲಾಗಿ ಹಿಡಿದ ಆ ಪ್ರಶ್ನೆ ದೊಡ್ಡದು. ನಾನು ಮನೆ ಕಟ್ಟಿಸಿದಾಗ ಪುಸ್ತಕದ ಬೀರುವಿಗಾಗಿ ನನ್ನ ತೋಳಿನ ಎಟುಕನ್ನು ಬಡಗಿಯಿಂದ ಮೂರು ಬಾರಿ ಅಳೆಸಿದ್ದೆ. ಅಡುಗೆ ಕಟ್ಟೆಯ ಎತ್ತರವನ್ನು ಗಾರೆಯವನು ತನ್ನ ರೂಢಿಯಂತೆ ನಿಶ್ಚಯಿಸಿದ. ನಾನು ಮನೆಯಾಕೆಯನ್ನು ಕೇಳಲಿಲ್ಲ. ಆಕೆ ಕುಳ್ಳು. ಮೂವತ್ತು ವರ್ಷ ಒಂದು ಮಣೆಯ ಮೇಲೆ ನಿಂತು ಒಲೆಯ ಮುಂದೆ ದುಡಿದಳು. ಫ್ರಾಂಕ್‌ಫರ್ಟಿನ ಕಥೆಯನ್ನು ಓದಿದ ಸಂಜೆ ಒಳಗೆ ಹೋಗಿ, ನಡು ಸವೆದ ಆ ಮಣೆಯನ್ನು ಮೊದಲ ಬಾರಿಗೆ ಕಣ್ಣಿಟ್ಟು ನೋಡಿದೆ.