ಘಟ್ಟ ಹತ್ತುವವರ ಗಂಟು: ಹಾಲಾಡಿ ಸೀಮೆಯ ಮಳೆಪಯಣದ ಚರಿತ್ರೆ

ಕುಂದಾಪುರ ತಾಲೂಕಿನ ಹಾಲಾಡಿಯು ಕಡಲಿಗೂ ಘಟ್ಟಕ್ಕೂ ನಡುವೆ, ವಾರಾಹಿ ನದಿಯ ದಂಡೆಯಲ್ಲಿ ನೆಲೆನಿಂತ ಊರು. ಶಿವಮೊಗ್ಗ ಜಿಲ್ಲೆಯ ಕಾಡಿನಲ್ಲಿ ಹುಟ್ಟಿ, ಕುಂಚಿಕಲ್ಲಿನಲ್ಲಿ ಜಲಪಾತವಾಗಿ ಇಳಿದು, ಹೊಸಂಗಡಿ, ಸಿದ್ದಾಪುರಗಳ ಕಡೆಯಿಂದ ಹರಿದುಬರುವ ಈ ನದಿಗೆ ಇಲ್ಲಿ ಹಾಲಾಡಿ ಹೊಳೆ ಎಂಬ ಹೆಸರೇ ರೂಢಿಯಲ್ಲಿದೆ. ಪಡುವಣಕ್ಕೆ ಕೋಟೇಶ್ವರ, ಕುಂದಾಪುರಗಳತ್ತ ಇಳಿಯುವ ದಾರಿ, ಶಂಕರನಾರಾಯಣ, ಹೊಸಂಗಡಿಗಳನ್ನು ಹಾದು ಬಾಳೆಬರೆ ಘಾಟಿಯನ್ನೇರಿ ನಗರ, ತೀರ್ಥಹಳ್ಳಿಗಳ ಕಡೆ ಹೋಗುವ ದಾರಿ, ಬೆಳ್ವೆ, ಹೆಬ್ರಿಗಳತ್ತ ಹೊರಳಿ ಸೋಮೇಶ್ವರದ ಮೂಲಕ ಆಗುಂಬೆಗೆ ಏರುವ ದಾರಿ, ಇವೆಲ್ಲ ಈ ಸೀಮೆಯನ್ನು ಮುಟ್ಟಿಕೊಂಡೇ ಹೋಗುವುದರಿಂದ, ಇಲ್ಲಿಂದ ಮೂಡಣಕ್ಕೆ ಹೊರಟವರು ಒಂದೇ ಹಗಲಿನಲ್ಲಿ ಎರಡು ಮೂರು ಬಗೆಯ ಹವೆಯನ್ನು ದಾಟಲೇಬೇಕಾಗಿತ್ತು. ಆ ಪಯಣಕ್ಕೆ ಏನನ್ನು ಹೊತ್ತುಕೊಳ್ಳಬೇಕು, ಹೊತ್ತದ್ದನ್ನು ನೆನೆಯದಂತೆ ಹೇಗೆ ಕಟ್ಟಬೇಕು ಎಂಬ ತಿಳಿವಳಿಕೆಗೆ ದೀರ್ಘವಾದ ಚರಿತ್ರೆಯಿದೆ. ಬಂದರು, ಕೋಟೆ, ಅರಸುಮನೆತನಗಳ ಚರಿತ್ರೆಗೆ ಸಂದ ಗಮನದ ಒಂದಂಶವೂ ಅದಕ್ಕೆ ಸಂದಿಲ್ಲ.

ಹವೆಯ ಈ ಏರುಪೇರಿಗೆ ಕಾರಣ ನೆಲದ ಏರಿಳಿತವೇ ಆಗಿದೆ. ಅರಬೀ ಸಮುದ್ರದ ಮೇಲಿಂದ ಬೀಸುವ ನೈಋತ್ಯ ಮಾರುತವು ಘಟ್ಟದ ಗೋಡೆಗೆ ತಾಗಿ ಮೇಲೇರುವಾಗ ತಣ್ಣಗಾಗಿ, ಹೊತ್ತು ತಂದ ತೇವದ ಬಹುಭಾಗವನ್ನು ಅಲ್ಲಿಯೇ ಸುರಿಸುತ್ತದೆ. ಕುಂದಾಪುರದ ಬಯಲಿನಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಾದರೆ, ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಆಗುಂಬೆಯಲ್ಲಿ ಅದು 7,600 ಮಿಲಿಮೀಟರಿನ ಆಸುಪಾಸಿಗೆ ಏರುತ್ತದೆ. 1946ರ ಆಗಸ್ಟ್ ತಿಂಗಳೊಂದರಲ್ಲೇ ಅಲ್ಲಿ 4,508 ಮಿಲಿಮೀಟರ್ ಮಳೆ ದಾಖಲಾಗಿತ್ತು. ಘಟ್ಟದ ನೆತ್ತಿಯನ್ನು ದಾಟಿ ಶಿವಮೊಗ್ಗವನ್ನು ಮುಟ್ಟುವ ಹೊತ್ತಿಗೆ ಅದೇ ಮಳೆ ವರ್ಷಕ್ಕೆ ಸಾವಿರ ಮಿಲಿಮೀಟರಿನ ಸುಮಾರಿಗೆ ಇಳಿದುಬಿಡುತ್ತದೆ. ಕೆಳಗೆ ಸೆಕೆ ಮತ್ತು ಬೆವರು, ನಡುವೆ ಜಡಿಮಳೆ ಮತ್ತು ಮಂಜು, ಮೇಲೆ ಚಳಿಗಾಳಿಯ ಒಣ ಬಯಲು: ಮುಂಜಾನೆ ಹೊರಟ ಪಯಣಿಗನ ಗಂಟಿನಲ್ಲಿ ಇವೆಲ್ಲಕ್ಕೂ ಉತ್ತರ ಇರಬೇಕಾಗಿತ್ತು.

ಈ ಉತ್ತರವನ್ನು ಹಳೆಯ ಪ್ರವಾಸಿಗರ ಪುಸ್ತಕಗಳಲ್ಲಿ ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದ ಕಡೆಯಿಂದ ಇಕ್ಕೇರಿಗೆ ಘಟ್ಟ ಹತ್ತಿದ್ದು 1623ರ ಮಳೆಗಾಲ ಮುಗಿದ ಮೇಲೆ. ಫ್ರಾನ್ಸಿಸ್ ಬುಕನನ್ ಕೆನರಾ ಸೀಮೆಯಲ್ಲಿ ಸಂಚರಿಸಿದ್ದು 1801ರ ಆರಂಭದ ಒಣ ತಿಂಗಳುಗಳಲ್ಲಿ. ಶಿವಾಜಿಯ ಹಡಗುಗಳು ಬಸರೂರು ಬಂದರಿನ ಮೇಲೆ ಎರಗಿದ್ದೂ 1665ರ ಫೆಬ್ರವರಿಯಲ್ಲಿಯೇ. ಬರೆಯುವವರು ಮತ್ತು ಆಳುವವರು ಮಳೆ ನಿಂತ ಮೇಲೆ ಹೊರಟರೆ, ಮಳೆಯಲ್ಲಿಯೇ ಹೊರಡಬೇಕಾದವರು ಹೇರೆತ್ತು ಹೊಡೆಯುವವರು, ಹೊರೆಯಾಳುಗಳು, ಓಲೆ ಒಯ್ಯುವವರು ಮತ್ತು ನಾಟಿಯ ಕೂಲಿಗೆ ಹೋಗುವವರು. ಅವರು ಬರೆದಿಟ್ಟು ಹೋದವರಲ್ಲ. ಆದ್ದರಿಂದ ಅವರ ಪಯಣದ ಚರಿತ್ರೆಯನ್ನು ಅವರು ಬಳಸಿದ ವಸ್ತುಗಳಿಂದಲೇ ಓದಿಕೊಳ್ಳಬೇಕಾಗಿದೆ.

ಆ ವಸ್ತುಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಗೊರಬು. ಕುಂದಾಪ್ರ ಕನ್ನಡದ ಉಚ್ಚಾರದಲ್ಲಿ ಗೊರ್ಬು. ಬಿದಿರಿನ ತೆಳುವಾದ ಸೀಳುಗಳನ್ನು ಕಣ್ಣುಕಣ್ಣಾಗಿ ಹೆಣೆದು ಎರಡು ಪದರ ಮಾಡಿ, ನಡುವೆ ತಾಳೆಯ ಗರಿಯನ್ನೋ ಕಾಡಿನ ಅಗಲ ಎಲೆಯನ್ನೋ ಹಾಸಿ, ಅಂಚನ್ನು ಬಿಗಿದು ಕಟ್ಟಿದಾಗ ಅದು ಮಗುಚಿದ ದೋಣಿಯ ಅರ್ಧಭಾಗದಂತೆ ಕಾಣುತ್ತದೆ. ಅದರ ಗೂಡಿನಂಥ ತುದಿ ತಲೆಯ ಮೇಲೆ ಕುಳಿತರೆ, ಉಳಿದ ಭಾಗ ಬೆನ್ನಗುಂಟ ಇಳಿದು ಸೊಂಟದ ಕೆಳಗಿನವರೆಗೂ ಮುಚ್ಚುತ್ತದೆ. ಬಗ್ಗಿ ನೇಜಿ ನೆಡುವ ಹೆಣ್ಣಾಳಿಗೆ ಅದು ಬೆನ್ನಿನ ಮೇಲಣ ಮಾಡು. ನಿಂತು ನಡೆಯುವವರಿಗೆ ಹಿಂದಿನಿಂದ ಬೀಸುವ ಮಳೆಗೆ ಅಡ್ಡಗೋಡೆ. ಎಲೆಯ ಪದರದ ಮೇಲೆ ಬಿದ್ದ ಹನಿ ಒಳಗಿಳಿಯದೆ ಜಾರಿಹೋಗುತ್ತದೆ, ಹೆಣಿಗೆಯ ಸಂದಿನಲ್ಲಿ ಗಾಳಿಯಾಡುವುದರಿಂದ ಒಳಗೆ ಬೆವರು ಕಟ್ಟುವುದಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಎರಡೂ ಕೈಗಳು ಕೆಲಸಕ್ಕೆ ಬಿಡುವಾಗಿರುತ್ತವೆ. ಕೊಡೆಯ ಕುಲವೇ ಬೇರೆ. ಬಿದಿರಿನ ಹಿಡಿಗೆ ತಾಳೆಗರಿಯನ್ನು ಹೊದಿಸಿದ ಓಲೆಕೊಡೆಯಾಗಲಿ, ದೇವರಿಗೂ ಅರಸರಿಗೂ ಹಿಡಿಯುತ್ತಿದ್ದ ಸತ್ತಿಗೆಯಾಗಲಿ ಒಂದು ಕೈಯನ್ನು, ಕೆಲವೊಮ್ಮೆ ಇನ್ನೊಬ್ಬನ ಕೈಯನ್ನೇ ಬೇಡುತ್ತದೆ. ಕೈ ಬಿಡುವಿದ್ದವರಿಗೆ ಕೊಡೆ, ಕೈಯಿಂದಲೇ ಬದುಕುವವರಿಗೆ ಗೊರಬು ಎಂಬ ಈ ಭೇದದಲ್ಲಿ ಸೀಮೆಯ ಸಾಮಾಜಿಕ ಚರಿತ್ರೆಯ ಒಂದು ಅಧ್ಯಾಯವೇ ಅಡಗಿದೆ.

ಆದರೆ ಘಟ್ಟದ ಇಕ್ಕಟ್ಟಾದ ಕಾಲುದಾರಿಗೆ, ಗಾಳಿಗೆ ಮತ್ತು ಚಳಿಗೆ ಗೊರಬು ಸಾಲದು. ಅಲ್ಲಿಗೆ ಬೇಕಾದದ್ದು ಕಂಬಳಿ. ಕರಾವಳಿಯ ತೇವದ ನೆಲ ಕುರಿಗೆ ಒಗ್ಗುವುದಿಲ್ಲವಾದ್ದರಿಂದ, ಇಲ್ಲಿಯವರು ಹೊದೆದ ಕರಿಯ ಕಂಬಳಿಯು ಚಿತ್ರದುರ್ಗ, ಚಳ್ಳಕೆರೆಗಳಂಥ ಒಣಸೀಮೆಯ ಕುರುಬರ ಮಗ್ಗದಿಂದ ಇಳಿದು ಬಂದದ್ದು. ನೇಯುವ ಮುನ್ನ ನೂಲಿಗೆ ಹುಣಿಸೆಬೀಜದ ಗಂಜಿಯನ್ನು ಹಚ್ಚುವುದರಿಂದ ಅದು ಬಿರುಸಾಗುತ್ತದೆ. ಉಣ್ಣೆಯಲ್ಲಿ ಸಹಜವಾಗಿರುವ ಜಿಡ್ಡು ಬೇಗನೆ ನೀರನ್ನು ಹಿಡಿಯಗೊಡುವುದಿಲ್ಲ. ನೆನೆದ ಮೇಲೂ ಉಣ್ಣೆ ಮೈಯ ಬಿಸುಪನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಈ ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಯ ಮೇಲೆ ಮುಸುಕಿನಂತೆ ಇಳಿಬಿಟ್ಟರೆ ಅದೇ ಕಂಬಳಿಕೊಪ್ಪೆ. ಹಗಲು ಕೊಪ್ಪೆ, ಇರುಳು ಹಾಸಿಗೆ, ಮಳೆ ಬಿಟ್ಟಾಗ ಹೆಗಲ ಮೇಲಿನ ಸಿಂಬೆ. ಒಂದೇ ವಸ್ತುವಿನಿಂದ ಮೂರು ಕೆಲಸ ಮಾಡಿಸಿಕೊಳ್ಳುವುದೇ ಹೊರೆಯನ್ನು ಹಗುರಗೊಳಿಸುವ ಉಪಾಯವಾಗಿತ್ತು. ಘಟ್ಟದ ಮೇಲಿನ ಕುರಿಯ ಉಣ್ಣೆ ಘಟ್ಟದ ಕೆಳಗಿನವರನ್ನು ಘಟ್ಟದ ಮಳೆಯಿಂದಲೇ ಕಾಯ್ದದ್ದು ಎರಡು ಸೀಮೆಗಳ ಕೊಡುಕೊಳುವಿಕೆಗೆ ತಕ್ಕ ಸಾಕ್ಷಿಯಾಗಿದೆ.

ಮೈಯನ್ನು ಕಾಯುವುದಕ್ಕಿಂತ ಸರಕನ್ನು ಕಾಯುವುದು ಕಷ್ಟದ ಕೆಲಸ. ಕೆಳದಿಯ ಅರಸರ ಕಾಲದಲ್ಲಿ ರಾಜಧಾನಿ ಬಿದನೂರಿಗೂ, ಅಂದರೆ ಇಂದಿನ ನಗರಕ್ಕೂ, ಬಸರೂರು ಬಂದರಿಗೂ ನಡೆದ ವ್ಯಾಪಾರದಲ್ಲಿ ಕೆಳಗಿನಿಂದ ಉಪ್ಪು, ತೆಂಗು ಮೇಲೇರಿದರೆ, ಮೇಲಿನಿಂದ ಕಾಳುಮೆಣಸು, ಅಡಿಕೆ ಇಳಿಯುತ್ತಿದ್ದವು; ಬಸರೂರಿನಿಂದ ಹಡಗೇರಿದ ಸರಕುಗಳಲ್ಲಿ ಅಕ್ಕಿಯೇ ಮುಖ್ಯ. ಅಕ್ಕಿಯನ್ನು ಕಟ್ಟುತ್ತಿದ್ದದ್ದು ಮುಡಿಯಾಗಿ. ಬೈಹುಲ್ಲನ್ನು ನೆಲದ ಮೇಲೆ ಚಕ್ರದಂತೆ ಹರಡಿ, ನಡುವೆ ಅಕ್ಕಿಯನ್ನು ಸುರಿದು, ಹುಲ್ಲಿನ ತುದಿಗಳನ್ನು ಮೇಲಕ್ಕೆತ್ತಿ ಒಗ್ಗೂಡಿಸಿ, ಹುಲ್ಲಿನ ಹಗ್ಗವನ್ನು ಸುತ್ತಿ ಬಿಗಿಯುತ್ತ, ಮರದ ಕೊಡತಿಯಿಂದ ಎಲ್ಲ ಕಡೆಯೂ ಬಡಿಯುತ್ತ ಹೋದರೆ, ಕೊನೆಗೆ ಕುಂಬಳಕಾಯಿಯಂತೆ ದುಂಡಗಿನ, ಕಲ್ಲಿನಂತೆ ಗಟ್ಟಿಯಾದ ಗಂಟು ಸಿದ್ಧವಾಗುತ್ತದೆ. ಮೂರು ಕಳಸಿಗೆ ಕೂಡಿ ಒಂದು ಮುಡಿ; ಸುಮಾರು 40 ಸೇರು ಅಕ್ಕಿ. ಹುಲ್ಲಿನ ದಪ್ಪ ಪದರ ತೇವವನ್ನು ತಾನು ಹೀರಿ ಒಳಗಿನ ಕಾಳನ್ನು ಕಾಯುವುದರಿಂದ, ಮನೆಯ ಅಟ್ಟದ ಮೇಲೆ ಅದು ಮಳೆಗಾಲವಿಡೀ ಕೆಡದೆ ಉಳಿಯುತ್ತಿತ್ತು. ಗೇಣಿಯ ಲೆಕ್ಕವೂ ಮುಡಿಯಲ್ಲೇ ನಡೆಯುತ್ತಿತ್ತು. ಒಂದು ಪೊಟ್ಟಣವೇ ಅಳತೆಯ ಮಾನವಾಗಿ, ಭೂಸಂಬಂಧದ ಭಾಷೆಯಾಗಿ ಬೆಳೆದ ಈ ಬಗೆ, ಕಟ್ಟುವ ಕಲೆಗೆ ಇಲ್ಲಿನ ಬದುಕಿನಲ್ಲಿದ್ದ ಸ್ಥಾನವನ್ನು ತೋರಿಸುತ್ತದೆ.

ಯಾವಾಗ ಹೊರಡಬೇಕು ಎಂಬುದನ್ನು ಮಳೆನಕ್ಷತ್ರಗಳು ತಿಳಿಸುತ್ತಿದ್ದವು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸುಮಾರು 13–14 ದಿನ ಇರುತ್ತಾನೆಂಬ ಎಣಿಕೆಯ ಮೇಲೆ ನಿಂತ ಈ ಪಂಚಾಂಗದಲ್ಲಿ, ಜೂನ್ ಕೊನೆಯ ವಾರಕ್ಕೆ ಬರುವ ಆರಿದ್ರಾದಿಂದ ಪುಷ್ಯದವರೆಗಿನ ಮಳೆ ಬಿಡುವಿಲ್ಲದ್ದು. ಆಗ ಹೊಳೆ ದಾಟುವ ಮಾತೇ ಇಲ್ಲ. ಆಗಸ್ಟ್ ನಡುವಿನ ಮಘೆಯಿಂದ ಬಿಸಿಲು ಮಳೆಗಳು ಕಣ್ಣುಮುಚ್ಚಾಲೆಯಾಡತೊಡಗುತ್ತವೆ. ಚಿತ್ತ, ಸ್ವಾತಿಗಳಲ್ಲಿ ಮಧ್ಯಾಹ್ನದವರೆಗೆ ಸುಡುಬಿಸಿಲು, ಸಂಜೆಗೆ ಗುಡುಗು. ನಿಜವಾದ ಜಾಣ್ಮೆ ಬೇಕಾದದ್ದು ಈ ಎರಡನೆಯ ಭಾಗಕ್ಕೆ, ಏಕೆಂದರೆ ಎಡೆಬಿಡದ ಮಳೆಗೆ ಸಿದ್ಧನಾದವನು ಮೋಸಹೋಗುವುದಿಲ್ಲ, ಬಿಸಿಲನ್ನು ನಂಬಿ ಕಂಬಳಿ ಬಿಟ್ಟುಹೋದವನು ಮೋಸಹೋಗುತ್ತಾನೆ. ಊರಿನ ಮೇಲೆ ಆಕಾಶ ತಿಳಿಯಾಗಿರುವಾಗಲೇ ಹಾಲಾಡಿ ಹೊಳೆ ಕೆಂಪಾಗಿ ಏರಿ ಬಂದರೆ, ಘಟ್ಟದಲ್ಲಿ ಮಳೆ ಹಿಡಿದಿದೆ ಎಂದೇ ಅರ್ಥ.

ಮಳೆಯ ಲೆಕ್ಕವನ್ನು ಕಟ್ಟುನಿಟ್ಟಾಗಿ ಪಾಲಿಸಿದ ಪಯಣಿಗರೆಂದರೆ ಯಕ್ಷಗಾನ ಮೇಳದವರು. ಅವರ ಸಂಚಾರಕ್ಕೆ ತಿರುಗಾಟ ಎಂದು ಹೆಸರು. ದೀಪಾವಳಿಯ ಬಳಿಕ ಹೊರಟ ಮೇಳ ಹತ್ತನಾವಧಿಗೆ, ಅಂದರೆ ಮೇ 24ರ ಸುಮಾರಿಗೆ ಬರುವ ವೃಷಭ ಮಾಸದ ಹತ್ತನೆಯ ದಿನಕ್ಕೆ, ಗೆಜ್ಜೆ ಬಿಚ್ಚುವುದು ಸಂಪ್ರದಾಯ. ಹಾಲಾಡಿಗೂ ತನ್ನದೇ ಮೇಳವಿದೆ. ಮಂದಾರ್ತಿಯ ಮೇಳಗಳು ಘಟ್ಟ ಹತ್ತಿ ಮಲೆನಾಡಿನ ಮನೆಗಳ ಅಂಗಳದಲ್ಲೂ ಆಡುತ್ತ ಬಂದಿವೆ. ಹಗುರ ಮರದಲ್ಲಿ ಕೆತ್ತಿ ಬೇಗಡೆ ಹಚ್ಚಿದ ಕಿರೀಟ, ಭುಜಕೀರ್ತಿಗಳಿಗೆ ನೀರೇ ವೈರಿ. ಅವುಗಳನ್ನಿಟ್ಟ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಊರಿಂದೂರಿಗೆ ನಡೆದ ಕಾಲದಲ್ಲಿ, ತಿರುಗಾಟದ ಕೊನೆಯ ವಾರಗಳ ಅಕಾಲಿಕ ಮಳೆಯಿಂದ ವೇಷಭೂಷಣವನ್ನು ಉಳಿಸಿದ ಪೆಟ್ಟಿಗೆ ಹೊರುವವರು, ಹಾಡಿದ ಭಾಗವತರಷ್ಟೇ ಸ್ಮರಣೀಯರು.

ಮೋಟಾರು ಬಂದ ಮೇಲೆ ಗಂಟಿನ ಸ್ವರೂಪ ಬದಲಾಯಿತು. ದಕ್ಷಿಣ ಕನ್ನಡದಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಅಂದರೆ ಜನರ ಬಾಯಲ್ಲಿ ಸಿ.ಪಿ.ಸಿ., 1914ರಲ್ಲಿ ಬಸ್ಸು ಓಡಿಸತೊಡಗಿತು. ಬಸ್ಸು ಬಂದರೂ ಘಟ್ಟದ ಕೆಳಗೆ ಮದರಾಸು, ಮೇಲೆ ಮೈಸೂರು ಎಂಬ ಗಡಿ 1956ರ ನವೆಂಬರ್ 1ರವರೆಗೂ ಉಳಿದಿತ್ತು. ಹಳೆಯ ಬಸ್ಸುಗಳ ಕಿಟಕಿಗೆ ಗಾಜಿರಲಿಲ್ಲ. ಸುರುಳಿ ಸುತ್ತಿಟ್ಟ ಟರ್ಪಾಲಿನ ಪರದೆಯನ್ನು ಮಳೆ ಬಂದಾಗ ಇಳಿಬಿಡುತ್ತಿದ್ದರು. ಪರದೆ ಇಳಿದರೆ ಒಳಗೆ ಕತ್ತಲು, ಸೆಕೆ, ತಿರುವುಗಳಲ್ಲಿ ಹೊಟ್ಟೆ ತೊಳಸು, ಏರಿಸಿದರೆ ಇರಚಲು. ಆಗುಂಬೆಯ 14 ತಿರುವುಗಳಿಗೆಂದೇ ಮಡಿಲಲ್ಲಿ ಲಿಂಬೆಹಣ್ಣು ಇಟ್ಟುಕೊಳ್ಳುವ ರೂಢಿ ಹುಟ್ಟಿದ್ದು ಹೀಗೆ. ಇದೇ ಕಾಲದಲ್ಲಿ ಬ್ರಿಟನ್ನಿನಲ್ಲಿಯೂ ತೆರೆದ ಮೋಟಾರು ಬಂಡಿಗಳಲ್ಲಿ ಕಡಲತಡಿಗೆ ಹೋಗುವ ಕಿರುಪ್ರವಾಸಗಳು ಜನಪ್ರಿಯವಾಗಿದ್ದವು. ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಪೇಟೆಂಟ್ ಪಡೆದ, ಎರಡು ಬಟ್ಟೆಗಳ ನಡುವೆ ರಬ್ಬರಿನ ಪದರವಿಟ್ಟ ಮಳೆಯಂಗಿಯನ್ನು ತೊಟ್ಟು, ಮಡಚುವ ಕ್ಯಾನ್ವಾಸ್ ಮುಸುಕಿನಡಿ ಕುಳಿತ ಆ ಪ್ರವಾಸಿಗರೂ ಬಿಸಿಲು ಮಳೆಗಳೆರಡಕ್ಕೂ ಕಟ್ಟಿಕೊಂಡೇ ಹೊರಡುತ್ತಿದ್ದರು. ಎರಡು ಪದರಗಳ ನಡುವೆ ನೀರು ತಡೆಯುವ ಇನ್ನೊಂದು ಪದರ ಎಂಬ ಆ ಯುಕ್ತಿ ಗೊರಬಿನ ಹೆಣಿಗೆಯಲ್ಲಿಯೂ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಕಪ್ಪು ಬಟ್ಟೆಯ ಕೊಡೆ ಬಸ್ಸಿನ ಯುಗಕ್ಕೆ ತಕ್ಕ ವಸ್ತುವಾಗಿತ್ತು. ಗೊರಬನ್ನು ಮಡಚಲಾಗದು, ಬಸ್ಸಿನ ಸೀಟಿನ ಕೆಳಗೂ ಅದು ಹಿಡಿಯದು. ಒದ್ದೆ ಕಂಬಳಿಯ ವಾಸನೆಯನ್ನು ಪಕ್ಕದವರು ಸಹಿಸರು. ಬೆತ್ತದ ಹಿಡಿಯ ಕೊಡೆಯಾದರೋ ಮಡಚಿದರೆ ಊರುಗೋಲು, ಬಿಚ್ಚಿದರೆ ಮಾಡು. ಕೇರಳದ ಆಲಪ್ಪುಳದಲ್ಲಿ 1954ರಲ್ಲಿ ಆರಂಭವಾದ ಸೇಂಟ್ ಜಾರ್ಜ್ ಕೊಡೆ ಅಂಗಡಿಯ ಪರಂಪರೆಯಿಂದ 1995ರಲ್ಲಿ ಕವಲೊಡೆದ ಪಾಪ್ಪಿ, ಜಾನ್ಸ್ ಎಂಬ ಹೆಸರುಗಳು ಕರಾವಳಿಯಲ್ಲೂ ಪರಿಚಿತವಾದವು, ಮಡಚಿ ಚೀಲದೊಳಗಿಡುವ ಕೊಡೆಗಳು ಮನೆಮನೆಗೂ ಬಂದವು.

ಇಂದು ಹಾಲಾಡಿಯ ಕಡೆಯಿಂದ ಹೊರಡುವ ಎರಡು ದಿನದ ಯಾತ್ರೆಯ ಬಸ್ಸು ಆಗುಂಬೆ, ಶೃಂಗೇರಿ, ಹೊರನಾಡು, ಕಳಸಗಳನ್ನು ಮುಟ್ಟಿ, ಕುದುರೆಮುಖದ ಹಾದಿಯಾಗಿ ಕಾರ್ಕಳಕ್ಕೆ ಇಳಿದು ಮರಳಬಹುದು. ಮಂಜು, ಮಳೆ, ಬಿಸಿಲು ಎಲ್ಲವೂ ಆ ದಾರಿಯಲ್ಲಿ ಕಾದಿರುತ್ತವೆ. ಚೀಲದಲ್ಲಿ ಕೊಡೆ, ಸ್ವೆಟರು, ದೇವಸ್ಥಾನಕ್ಕೆಂದು ಒಂದು ಒಣ ಪಂಚೆ, ಒಂದು ಬೈರಾಸು, ಒದ್ದೆ ಬಟ್ಟೆಯನ್ನು ಬೇರೆ ಇಡಲು ಪ್ಲಾಸ್ಟಿಕ್ ಕೊಟ್ಟೆ. ವಸ್ತುಗಳು ಬದಲಾದರೂ ಒಣಗಿದ್ದನ್ನೂ ನೆನೆದದ್ದನ್ನೂ ಕೂಡಿಸಬಾರದು ಎಂಬ ನಿಯಮ ಮುಡಿ ಕಟ್ಟಿದವರದೇ ಆಗಿದೆ. ಆದರೆ ಪ್ಲಾಸ್ಟಿಕ್ ಕೊಟ್ಟೆ ಘಟ್ಟದ ಅಂಚಿನಲ್ಲಿ ಬಿದ್ದರೆ ಕೊಳೆಯದು, ಗೊರಬು ಹಳತಾದರೆ ಗೊಬ್ಬರದ ಗುಂಡಿ ಸೇರುತ್ತಿತ್ತು. ಈ ಒಂದು ವಿಷಯದಲ್ಲಿ ಹೊಸ ಗಂಟು ಹಳೆಯದಕ್ಕಿಂತ ಕೀಳು ಎಂದು ಹೇಳಲೇಬೇಕು.

ಗೊರಬು ಈಗ ಗದ್ದೆಯಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ಸಮಾರಂಭಗಳ ವೇದಿಕೆಯಲ್ಲಿ, ಹೋಟೆಲಿನ ಗೋಡೆಯ ಮೇಲೆ ಅಲಂಕಾರವಾಗಿ ಕಾಣುತ್ತದೆ. ಗೋಡೆಗೆ ತೂಗಿದ ವಸ್ತುವಿನ ಆಕಾರ ಉಳಿಯಬಹುದು, ಅದನ್ನು ಹೆಣೆದ ಕೈಯ ಅರಿವು ಅದರಿಂದ ಉಳಿಯದು. ಹಾಲಾಡಿ, ಶಂಕರನಾರಾಯಣ, ಸಿದ್ದಾಪುರ, ಅಮಾಸೆಬೈಲು ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಗೊರಬು, ಓಲೆಕೊಡೆ, ಕಂಬಳಿ, ಮುಡಿ ಕಟ್ಟುವ ಕೊಡತಿ ಇನ್ನೂ ಇದ್ದರೆ, ಮನೆಯವರು ಅವುಗಳನ್ನು ಎಸೆಯುವ ಮುನ್ನ ಮನೆಯ ಹಿರಿಯರ ಬಳಿ ಕುಳಿತು, ಅವುಗಳನ್ನು ಹೆಣೆದವರು ಯಾರು, ಯಾವ ಎಲೆಯನ್ನು ಯಾವ ತಿಂಗಳಲ್ಲಿ ಕೊಯ್ದರು, ಅವುಗಳನ್ನು ತೊಟ್ಟು ಯಾರು ಯಾವ ದಾರಿಯಲ್ಲಿ ಘಟ್ಟ ಹತ್ತಿದರು ಎಂಬುದನ್ನು ಅವರ ಮಾತಿನಲ್ಲಿಯೇ, ಕುಂದಾಪ್ರ ಕನ್ನಡದಲ್ಲಿಯೇ, ಬರೆದಿಡಬೇಕು.