ಬಾರ್ ಹಾರ್ಬರಿನ ಇಲಿಗಳು: ಲೆಪ್ಟಿನ್ ಎಂಬ ಪ್ರೋಟೀನಿನ ಚರಿತ್ರೆ

ಮೈಯಲ್ಲಿರುವ ಕೊಬ್ಬಿನ ಜೀವಕೋಶಗಳು ಲೆಪ್ಟಿನ್ ಎಂಬ ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. 146 ಅಮೈನೋ ಆಮ್ಲಗಳ ಈ ಪುಟ್ಟ ಪ್ರೋಟೀನು ಮಿದುಳನ್ನು ತಲುಪಿದಾಗ, ಕಣಜದಲ್ಲಿ ಎಷ್ಟು ಧಾನ್ಯ ಉಳಿದಿದೆ ಎಂದು ಮನೆಯವರಿಗೆ ತಿಳಿಯುವಂತೆ, ಮೈಯಲ್ಲಿ ಎಷ್ಟು ಕೊಬ್ಬಿದೆ ಎಂಬುದು ಮಿದುಳಿಗೆ ತಿಳಿಯುತ್ತದೆ. ಹಸಿವು ಎಷ್ಟಿರಬೇಕು, ಎಷ್ಟು ಶಕ್ತಿ ಖರ್ಚಾಗಬೇಕು ಎಂಬ ತೀರ್ಮಾನಕ್ಕೆ ಈ ಲೆಕ್ಕವೂ ಒಂದು ಆಧಾರ. ಲೆಪ್ಟಿನ್ ಪತ್ತೆಯಾದದ್ದು 1994ರಲ್ಲಿ, ನ್ಯೂಯಾರ್ಕಿನಲ್ಲಿ. ಆದರೆ ಅದರ ಹುಡುಕಾಟ ಶುರುವಾದದ್ದು ಅದಕ್ಕೂ 45 ವರ್ಷ ಮೊದಲು, ಅಮೆರಿಕದ ಮೇನ್ ರಾಜ್ಯದ ಕಡಲತೀರದ ಊರಾದ ಬಾರ್ ಹಾರ್ಬರಿನಲ್ಲಿ.

ತಿಂದ ಅನ್ನದ ಶಕ್ತಿ ಮತ್ತು ಖರ್ಚಾದ ಶಕ್ತಿಯ ಲೆಕ್ಕವನ್ನು ವಿಜ್ಞಾನಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೇ ಅಳೆಯತೊಡಗಿದ್ದರು. ಅಮೆರಿಕದ ವಿಲ್ಬರ್ ಆಟ್‌ವಾಟರ್ ಮನುಷ್ಯನೊಬ್ಬ ಒಳಗೆ ಕೂತು ದಿನಗಟ್ಟಲೆ ಇರಬಹುದಾದ ಕ್ಯಾಲರಿಮಾಪಕ ಕೋಣೆಯನ್ನು 1890ರ ದಶಕದಲ್ಲಿ ಕಟ್ಟಿದ್ದರು. ಜಮಾ-ಖರ್ಚಿನ ಲೆಕ್ಕ ಹೀಗೆ ಸಿಕ್ಕಿತು. ಆ ಲೆಕ್ಕವನ್ನು ದೇಹದೊಳಗೆ ನೋಡಿಕೊಳ್ಳುವವರು ಯಾರು ಎಂಬುದು ಮಾತ್ರ ತಿಳಿಯಲಿಲ್ಲ. 1940ರಲ್ಲಿ ಹೆದರಿಂಗ್‌ಟನ್ ಮತ್ತು ರಾನ್ಸನ್, ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಭಾಗಕ್ಕೆ ಗಾಯವಾದರೆ ಇಲಿಗಳು ಬೊಜ್ಜು ಬೆಳೆಸಿಕೊಳ್ಳುತ್ತವೆ ಎಂದು ತೋರಿಸಿದರು. 1953ರಲ್ಲಿ ಇಂಗ್ಲೆಂಡಿನ ಗಾರ್ಡನ್ ಕೆನೆಡಿ, ಕೊಬ್ಬಿನಿಂದಲೇ ಯಾವುದೋ ಸಂಕೇತ ಮಿದುಳಿಗೆ ಹೋಗುತ್ತಿರಬೇಕು ಎಂದು ಊಹಿಸಿದರು. ಆ ಸಂಕೇತ ಯಾವುದೆಂದು ಗೊತ್ತಿರಲಿಲ್ಲ.

ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಾಲಯವನ್ನು 1929ರಲ್ಲಿ ಕ್ಲಾರೆನ್ಸ್ ಕುಕ್ ಲಿಟಲ್ ಸ್ಥಾಪಿಸಿದರು. ಶುದ್ಧ ತಳಿಯ ಇಲಿಗಳನ್ನು ತಲೆಮಾರುಗಟ್ಟಲೆ ಸಾಕಿ, ಅನುವಂಶೀಯ ರೋಗಗಳನ್ನು ಅಭ್ಯಾಸ ಮಾಡುವುದು ಅಲ್ಲಿನ ಕಸುಬು. 1947ರ ಕಾಡ್ಗಿಚ್ಚಿಗೆ ಪ್ರಯೋಗಾಲಯದ ಬಹುಪಾಲು ಸುಟ್ಟು, ಹತ್ತಾರು ಸಾವಿರ ಇಲಿಗಳು ಸತ್ತವು. ಹಿಂದೆ ಅಲ್ಲಿಂದ ಇಲಿಗಳನ್ನು ತರಿಸಿಕೊಂಡಿದ್ದ ಸಂಶೋಧಕರು ಅವುಗಳ ಸಂತತಿಯನ್ನು ಹಿಂದಿರುಗಿಸಿದ್ದರಿಂದ ತಳಿಗಳು ಉಳಿದುಕೊಂಡವು. ಎರಡು ವರ್ಷ ಕಳೆಯುವಷ್ಟರಲ್ಲಿ, 1949ರ ಬೇಸಿಗೆಯಲ್ಲಿ, ಗೂಡೊಂದರಲ್ಲಿ ಉಳಿದವುಗಳಿಗಿಂತ ವಿಪರೀತ ದಪ್ಪಗಿದ್ದ ಮರಿಗಳು ಕಣ್ಣಿಗೆ ಬಿದ್ದವು. ಅವು ಬೆಳೆದು ಸಾಮಾನ್ಯ ಇಲಿಯ ಮೂರು ಪಟ್ಟು ತೂಗಿದವು. ಒಂದೇ ವಂಶವಾಹಿಯ ದೋಷ ತಾಯಿ-ತಂದೆ ಇಬ್ಬರಿಂದಲೂ ಬಂದಾಗ ಹೀಗಾಗುತ್ತದೆ ಎಂದು ಆನ್ ಇಂಗಲ್ಸ್, ಮಾರ್ಗರೆಟ್ ಡಿಕಿ ಮತ್ತು ಜಾರ್ಜ್ ಸ್ನೆಲ್ 1950ರಲ್ಲಿ ಪ್ರಕಟಿಸಿದರು. ಆ ವಂಶವಾಹಿಗೆ ‘ಓಬಿ’ ಎಂಬ ಹೆಸರಾಯಿತು.

1966ರಲ್ಲಿ ಅಲ್ಲಿಂದಲೇ ಇನ್ನೊಂದು ದೋಷದ ವರದಿ ಬಂತು. ಈ ಇಲಿಗಳಿಗೂ ಬೊಜ್ಜು, ಜೊತೆಗೆ ತೀವ್ರ ಮಧುಮೇಹ. ದೋಷ ಮಾತ್ರ ಬೇರೆ ಕ್ರೋಮೋಸೋಮಿನಲ್ಲಿತ್ತು. ಅದು ‘ಡಿಬಿ’ ಎನಿಸಿಕೊಂಡಿತು. ಕೆನಡಾದ ಒಂಟಾರಿಯೊದಲ್ಲಿ ಹುಟ್ಟಿ, 1958ರಲ್ಲಿ ಜಾಕ್ಸನ್ ಪ್ರಯೋಗಾಲಯ ಸೇರಿದ್ದ ಜೀವರಸಾಯನ ತಜ್ಞ ಡಗ್ಲಸ್ ಕೋಲ್ಮನ್ ಒಂದು ಸರಳ ಪ್ರಶ್ನೆ ಕೇಳಿಕೊಂಡರು: ಈ ಬೊಜ್ಜಿಗೆ ಕಾರಣವಾದ ವಸ್ತು ರಕ್ತದಲ್ಲಿ ಓಡಾಡುತ್ತದೆಯೆ?

ಉತ್ತರಕ್ಕಾಗಿ ಅವರು ಎರಡು ಇಲಿಗಳ ರಕ್ತವನ್ನು ಬೆರೆಸುವ ವಿಧಾನ ಬಳಸಿದರು. ಎರಡು ಇಲಿಗಳ ಪಕ್ಕೆಯ ಚರ್ಮವನ್ನು ಉದ್ದಕ್ಕೆ ಕೊಯ್ದು, ಒಂದಕ್ಕೊಂದು ಸೇರಿಸಿ ಹೊಲಿಯುತ್ತಿದ್ದರು. ಗಾಯ ಮಾಯುವಾಗ ಸಣ್ಣ ರಕ್ತನಾಳಗಳು ಆಚೆಯಿಂದೀಚೆಗೆ ಬೆಳೆದು, ಒಂದರ ರಕ್ತ ಇನ್ನೊಂದಕ್ಕೆ ನಿಧಾನವಾಗಿ ಹರಿಯುತ್ತಿತ್ತು. ಡಿಬಿ ಇಲಿಯನ್ನು ಆರೋಗ್ಯವಂತ ಇಲಿಗೆ ಜೋಡಿಸಿದಾಗ ನಡೆದದ್ದು ಯಾರೂ ಎಣಿಸಿರದ ಸಂಗತಿ. ಬೊಜ್ಜಿನ ಇಲಿಗೆ ಏನೂ ಆಗಲಿಲ್ಲ. ಆರೋಗ್ಯವಂತ ಇಲಿ ತಿನ್ನುವುದನ್ನೇ ಬಿಟ್ಟು ಸತ್ತಿತು. ಸತ್ತ ಇಲಿಯ ಹೊಟ್ಟೆ ಖಾಲಿಯಾಗಿತ್ತು, ರಕ್ತದ ಸಕ್ಕರೆ ಉಪವಾಸದ ಮಟ್ಟಕ್ಕೆ ಇಳಿದಿತ್ತು. ಜೊತೆಗಿದ್ದ ಡಿಬಿ ಇಲಿಯ ಹೊಟ್ಟೆ ಮಾತ್ರ ತುಂಬಿತ್ತು. ಓಬಿ ಇಲಿಯನ್ನು ಡಿಬಿ ಇಲಿಗೆ ಜೋಡಿಸಿದಾಗ ಓಬಿ ಇಲಿ ಉಪವಾಸ ಬಿದ್ದು ಸತ್ತಿತು. ಓಬಿ ಇಲಿಯನ್ನು ಆರೋಗ್ಯವಂತ ಇಲಿಗೆ ಜೋಡಿಸಿದಾಗಲೋ, ಎರಡೂ ಬದುಕಿದವು. ಓಬಿ ಇಲಿಯ ತಿನ್ನುವಿಕೆ ತಗ್ಗಿ, ತೂಕದ ಏರಿಕೆಗೆ ಕಡಿವಾಣ ಬಿತ್ತು.

1973ರ ಹೊತ್ತಿಗೆ ಕೋಲ್ಮನ್ ಇವೆಲ್ಲವನ್ನೂ ಒಂದೇ ಸೂತ್ರಕ್ಕೆ ತಂದರು. ತೃಪ್ತಿಯ ಸಂಕೇತ ರಕ್ತದಲ್ಲಿ ಹರಿಯುತ್ತದೆ. ಓಬಿ ಇಲಿಗೆ ಆ ಸಂಕೇತವನ್ನು ತಯಾರಿಸಲು ಬರುವುದಿಲ್ಲ. ಸಿಕ್ಕರೆ ಅದಕ್ಕೆ ಸ್ಪಂದಿಸುತ್ತದೆ. ಡಿಬಿ ಇಲಿ ಅದನ್ನು ಅತಿಯಾಗಿ ತಯಾರಿಸುತ್ತದೆ, ಆದರೆ ಗ್ರಹಿಸುವ ಗ್ರಾಹಕವೇ ಅದಕ್ಕಿಲ್ಲ. ವಸ್ತುವನ್ನು ಬೇರ್ಪಡಿಸಿ ತೋರಿಸಲು ಕೋಲ್ಮನ್‌ಗೆ ಆಗಲಿಲ್ಲ. ಬೊಜ್ಜು ಕೇವಲ ನಡವಳಿಕೆಯ ದೋಷ ಎಂದು ನಂಬಿದ್ದ ಅನೇಕರು ಅವರ ತೀರ್ಮಾನವನ್ನು ಒಪ್ಪಲೂ ಇಲ್ಲ.

ಆ ವಸ್ತುವನ್ನು ಹಿಡಿಯಲು ವಂಶವಾಹಿಯ ಕಡೆಯಿಂದಲೇ ಹೊರಟವರು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್. ರುಡಾಲ್ಫ್ ಲೈಬೆಲ್ ಮೊದಲಾದವರ ಜೊತೆ 1986ರಿಂದ ಎಂಟು ವರ್ಷ ದುಡಿದು, ಇಲಿಯ ಆರನೆಯ ಕ್ರೋಮೋಸೋಮಿನಲ್ಲಿ ಓಬಿ ಇರುವ ಜಾಗವನ್ನು ಅವರ ತಂಡ ಇಂಚಿಂಚಾಗಿ ಕಿರಿದು ಮಾಡುತ್ತ ಹೋಯಿತು. 1994ರ ಮೇ 8ರ ಬೆಳಗಿನ ಜಾವ ಫ್ರೀಡ್‌ಮನ್ ತೊಳೆದ ಫಿಲ್ಮಿನಲ್ಲಿ ಉತ್ತರವಿತ್ತು: ಆ ವಂಶವಾಹಿ ಕೊಬ್ಬಿನಲ್ಲಿ ಕೆಲಸ ಮಾಡುತ್ತಿತ್ತು, ಒಂದು ಓಬಿ ತಳಿಯಲ್ಲಿ ಅದರ ಸುಳಿವೇ ಇರಲಿಲ್ಲ. 1949ರ ಮೂಲ ತಳಿಯಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿ, 105ನೆಯ ಅಮೈನೋ ಆಮ್ಲ ಬರಬೇಕಾದ ಜಾಗದಲ್ಲಿ ‘ನಿಲ್ಲು’ ಎಂಬ ಆಜ್ಞೆ ಬಂದಿತ್ತು. ಪ್ರೋಟೀನು ಅರ್ಧಕ್ಕೇ ಮುರಿದಿತ್ತು. ಆ ವರ್ಷದ ಡಿಸೆಂಬರ್ 1ರಂದು ‘ನೇಚರ್’ ಪತ್ರಿಕೆಯಲ್ಲಿ ವರದಿ ಬಂತು. ಈ ಪ್ರೋಟೀನೇ ಲೆಪ್ಟಿನ್.

1995ರ ಜುಲೈನಲ್ಲಿ ಮೂರು ತಂಡಗಳು ಒಟ್ಟಿಗೆ ಫಲಿತಾಂಶ ಪ್ರಕಟಿಸಿದವು. ಲೆಪ್ಟಿನ್ ಚುಚ್ಚಿದ ಓಬಿ ಇಲಿಗಳು ಕಡಿಮೆ ತಿಂದು ತೆಳ್ಳಗಾದವು. ಕಡಿಮೆ ತಿಂದದ್ದರಿಂದಷ್ಟೇ ತೆಳ್ಳಗಾಗಲಿಲ್ಲ ಎಂಬುದು ಇಲ್ಲಿನ ಮುಖ್ಯ ಸಂಗತಿ. ಓಬಿ ಇಲಿಯ ಮೈ ಸಾಮಾನ್ಯ ಇಲಿಗಿಂತ ತಣ್ಣಗಿರುತ್ತದೆ. 4 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಬಿಟ್ಟರೆ ಗಂಟೆಗಳಲ್ಲೇ ಸಾಯುತ್ತದೆ. ಸಾಮಾನ್ಯ ಇಲಿ ತಿಂದಷ್ಟನ್ನೇ ಕೊಟ್ಟರೂ ಅದು ಹೆಚ್ಚು ಕೊಬ್ಬನ್ನು ಕೂಡಿಡುತ್ತದೆ. ಲೆಪ್ಟಿನ್ ಸಿಕ್ಕ ಮೇಲೆ ಮೈ ಬೆಚ್ಚಗಾಯಿತು, ಓಡಾಟ ಹೆಚ್ಚಿತು, ಆಮ್ಲಜನಕದ ಬಳಕೆಯೂ ಏರಿತು.

ಇದಕ್ಕೆ ಕಾರಣವಾದ ಸರಣಿ ಬರಬರುತ್ತ ತಿಳಿಯಿತು. ಲೆಪ್ಟಿನ್ ಹೈಪೋಥಲಾಮಸ್‌ನಲ್ಲಿ ಹಸಿವು ತಗ್ಗಿಸುವ ನರಕೋಶಗಳನ್ನು ಎಚ್ಚರಿಸಿ, ಹಸಿವು ಹುಟ್ಟಿಸುವ ಕೋಶಗಳನ್ನು ಸುಮ್ಮನಾಗಿಸುತ್ತದೆ. ಅಲ್ಲಿಂದ ಹೊರಟ ಆಜ್ಞೆ ನರಗಳ ಮೂಲಕ, ಶಾಖ ಹುಟ್ಟಿಸುವ ಕಂದು ಕೊಬ್ಬಿಗೂ ಮುಟ್ಟುತ್ತದೆ. ಕಂದು ಕೊಬ್ಬಿನ ಮೈಟೊಕಾಂಡ್ರಿಯಾದಲ್ಲಿ ಯುಸಿಪಿ-1 ಎಂಬ ಇನ್ನೊಂದು ಪ್ರೋಟೀನಿದೆ. ಆಹಾರದ ಶಕ್ತಿ ಜೀವಕೋಶದ ಇಂಧನವಾದ ಎಟಿಪಿಯಾಗಿ ಕೂಡಿಕೊಳ್ಳುವ ಬದಲು ನೇರ ಶಾಖವಾಗಿ ಹೋಗುವಂತೆ ಅದು ದಾರಿ ಬಿಡುತ್ತದೆ. ವಯಸ್ಕ ಮನುಷ್ಯರಲ್ಲೂ ಕೆಲಸ ಮಾಡುವ ಕಂದು ಕೊಬ್ಬಿದೆ ಎಂದು 2009ರಲ್ಲಿ ಸ್ಕ್ಯಾನ್‌ಗಳು ಖಚಿತಪಡಿಸಿದವು.

1995ರ ಕೊನೆಗೆ ಲೆಪ್ಟಿನ್ ಗ್ರಾಹಕ ಪತ್ತೆಯಾಯಿತು. ಡಿಬಿ ಇಲಿಗಳಲ್ಲಿ ಕೆಟ್ಟಿದ್ದು ಇದೇ ಗ್ರಾಹಕ ಎಂದು 1996ರಲ್ಲಿ ಸಾಬೀತಾಯಿತು. ಹೊಲಿದ ಇಲಿಗಳನ್ನು ನೋಡಿ ಕೋಲ್ಮನ್ ಹೇಳಿದ್ದ ಎರಡು ಮಾತೂ ನಿಜವಾದವು.

ಮನುಷ್ಯರ ವಿಷಯದಲ್ಲಿ ಕಥೆ ಇಷ್ಟು ನೇರವಾಗಿರಲಿಲ್ಲ. 1997ರಲ್ಲಿ ಕೇಂಬ್ರಿಜ್‌ನ ಸ್ಟೀಫನ್ ಓರಾಹಿಲಿ ಮತ್ತು ಸದಾಫ್ ಫಾರೂಕಿ ಅವರ ತಂಡ, ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಬ್ಬರು ಮಕ್ಕಳನ್ನು ವರದಿ ಮಾಡಿತು. ಅವರಲ್ಲಿ ಎಂಟು ವರ್ಷದ ಮಗು 86 ಕಿಲೋ ತೂಗುತ್ತಿತ್ತು. ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ತಣಿಯದ ಹಸಿವು ತಣಿದು, ಒಂದೇ ವರ್ಷದಲ್ಲಿ 16 ಕಿಲೋ ಇಳಿಯಿತು. ಆದರೆ ಇಂಥ ಮಕ್ಕಳು ತೀರಾ ವಿರಳ. ಬೊಜ್ಜಿರುವ ಬಹುತೇಕರ ರಕ್ತದಲ್ಲಿ ಲೆಪ್ಟಿನ್ ಕಡಿಮೆಯಲ್ಲ, ಹೆಚ್ಚೇ ಇದೆ ಎಂದು 1996ರಲ್ಲೇ ಗೊತ್ತಾಗಿತ್ತು. ಅವರ ಮಿದುಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಲೆಪ್ಟಿನ್ ಪಡೆದವರ ತೂಕ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇಳಿಯಿತು. ಒಟ್ಟಾರೆ ಫಲ ಸಾಧಾರಣ. ಎಲ್ಲರ ಬೊಜ್ಜು ಕರಗಿಸುವ ಮದ್ದು ಸಿಕ್ಕಿತೆಂಬ ನಿರೀಕ್ಷೆ ಅಲ್ಲಿಗೆ ಕುಸಿಯಿತು.

ಆದರೂ ಲೆಪ್ಟಿನ್‌ನ ಮುಖ್ಯ ಕೆಲಸವೇನೆಂಬುದು ಆ ವರ್ಷಗಳಲ್ಲೇ ಸ್ಪಷ್ಟವಾಯಿತು. ಉಪವಾಸವಿದ್ದ ಇಲಿಗಳಲ್ಲಿ ಲೆಪ್ಟಿನ್ ಥಟ್ಟನೆ ಕುಸಿಯುತ್ತದೆ; ಆಗ ಥೈರಾಯ್ಡ್ ಮತ್ತು ಸಂತಾನೋತ್ಪತ್ತಿಯ ಹಾರ್ಮೋನುಗಳೂ ತಗ್ಗಿ, ದೇಹ ಉಳಿತಾಯಕ್ಕೆ ಇಳಿಯುತ್ತದೆ. ಹೊರಗಿನಿಂದ ಲೆಪ್ಟಿನ್ ಕೊಟ್ಟರೆ ಈ ಇಳಿತ ಬಹುಮಟ್ಟಿಗೆ ತಪ್ಪುತ್ತದೆ. ಲೈಬೆಲ್ ಮತ್ತು ಸಂಗಡಿಗರು 1995ರಲ್ಲಿ ಮನುಷ್ಯರಲ್ಲಿ ಕಂಡದ್ದಕ್ಕೂ ಇದು ಹೊಂದುತ್ತದೆ: ಶೇಕಡ 10ರಷ್ಟು ತೂಕ ಇಳಿಸಿಕೊಂಡವರ ಶಕ್ತಿಯ ಖರ್ಚು, ಇಳಿದ ತೂಕಕ್ಕೆ ತಕ್ಕಷ್ಟೇ ಅಲ್ಲ, ಅದಕ್ಕಿಂತಲೂ ಹೆಚ್ಚಾಗಿ ತಗ್ಗುತ್ತದೆ. ಅಂಥವರಿಗೆ ಅಲ್ಪ ಪ್ರಮಾಣದಲ್ಲಿ ಲೆಪ್ಟಿನ್ ಕೊಟ್ಟಾಗ ಖರ್ಚು ಮತ್ತೆ ಏರಿತು. ಕಷ್ಟಪಟ್ಟು ಇಳಿಸಿದ ತೂಕ ಮರಳಿ ಬರುವುದರ ಹಿಂದೆ ದೇಹದ ಈ ರಕ್ಷಣಾಕ್ರಮವಿದೆ.

ಕೋಲ್ಮನ್ ಮತ್ತು ಫ್ರೀಡ್‌ಮನ್ 2010ರಲ್ಲಿ ವೈದ್ಯಕೀಯ ಸಂಶೋಧನೆಯ ಲಾಸ್ಕರ್ ಪ್ರಶಸ್ತಿ ಹಂಚಿಕೊಂಡರು. ಮೈಯಲ್ಲಿ ಕೊಬ್ಬೇ ಕೂಡಿಕೊಳ್ಳದ ಲಿಪೊಡಿಸ್ಟ್ರೊಫಿ ಎಂಬ ವಿರಳ ರೋಗಕ್ಕೆ ಲೆಪ್ಟಿನ್ ರೂಪದ ಔಷಧ 2014ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಕೋಲ್ಮನ್ ತೀರಿಕೊಂಡದ್ದು ಅದೇ ವರ್ಷ. ಲೆಪ್ಟಿನ್‌ನಿಂದ ಬೊಜ್ಜಿನ ಸಾರ್ವತ್ರಿಕ ಔಷಧ ಸಿಗಲಿಲ್ಲ, ನಿಜ. ಆದರೆ ಹಸಿವೂ ಶಕ್ತಿಯ ಬಳಕೆಯೂ ಪ್ರೋಟೀನುಗಳ ಅಂಕೆಯಲ್ಲಿವೆ ಎಂಬುದು ಅದರಿಂದ ಸಿದ್ಧವಾಯಿತು. ಬೊಜ್ಜಿರುವವರನ್ನು ಮನಸ್ಸಿನ ಹಿಡಿತವಿಲ್ಲದವರೆಂದು ದೂಷಿಸುವುದಕ್ಕೆ ವಿಜ್ಞಾನದ ಆಧಾರವಿಲ್ಲ.