ಎರಡನೆಯ ಎತ್ತು

ಒಂಟಿ ಎತ್ತು ಕೊಳ್ಳುವುದು ಸುಲಭ, ಅದಕ್ಕೆ ಜೋಡಿ ಹುಡುಕುವುದೇ ಕಷ್ಟ. ಬೆಳ್ಳಂದೂರು ಕೆರೆಯ ಕೆಳಗೆ ಗದ್ದೆಗಳಿದ್ದ ಕಾಲದಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವ ಮುನ್ನ ಒಂದೇ ಯೋಚನೆ: ಇದು ಮನೆಯಲ್ಲಿರುವುದಕ್ಕೆ ಹೊಂದುತ್ತದೆಯೇ? ಎತ್ತರ ಹೊಂದಬೇಕು, ಬಣ್ಣ ಹೊಂದಿದರೆ ಇನ್ನೂ ಚೆಂದ. ಆದರೆ ಅನುಭವಸ್ಥರು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳುತ್ತಿದ್ದರು. ಹಳೆಯದು ಮಲಗಿಬಿಟ್ಟರೆ ಈ ಹೊಸದು ಒಂದೇ ಗಾಡಿಯನ್ನು ಮನೆ ಮುಟ್ಟಿಸೀತೇ?

ಈಗ ಆ ಗದ್ದೆಗಳ ಸುತ್ತಮುತ್ತ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳು ನಿಂತಿವೆ. ಒಳಗಿರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಅಮೆರಿಕದ ಗಡಿಯಾರ ನೋಡಿಕೊಂಡು ಕೆಲಸ ಮಾಡುವವರು. 2024ರ ಆಗಸ್ಟ್‌ನಲ್ಲಿ ಕಮಲಾ ಹ್ಯಾರಿಸ್ ತಮ್ಮ ಜೊತೆಗೆ ಉಪಾಧ್ಯಕ್ಷ ಸ್ಥಾನಕ್ಕೆ ಟಿಮ್ ವಾಲ್ಜ್ ಅವರನ್ನು ಆರಿಸಿಕೊಂಡ ಸುದ್ದಿ ನಮ್ಮೂರಿನ ಚಹಾದ ಅಂಗಡಿಗಳಲ್ಲಿಯೂ ಚರ್ಚೆಗೆ ಬಂತು. ಅಮೆರಿಕದವರು ಇಂಥವರನ್ನು ‘ರನ್ನಿಂಗ್ ಮೇಟ್’ ಎನ್ನುತ್ತಾರೆ. ಕುದುರೆ ಪಂದ್ಯದಿಂದ ಬಂದ ಮಾತು. ನಮಗೆ ಜೋಡೆತ್ತು ಎಂದರೆ ಸಾಕು.

ಆ ದೇಶದಲ್ಲಿಯೂ ಮೊದಲು ಹೀಗೆ ಆರಿಸಿಕೊಳ್ಳುವ ಪದ್ಧತಿ ಇರಲಿಲ್ಲ. ಹೆಚ್ಚು ಮತ ಪಡೆದವನು ಅಧ್ಯಕ್ಷ, ಅವನ ನಂತರದವನು ಉಪಾಧ್ಯಕ್ಷ. ಇದರ ಫಲವಾಗಿ 1796ರಲ್ಲಿ ಜಾನ್ ಆಡಮ್ಸ್ ಅಧ್ಯಕ್ಷರಾದರೆ ಅವರ ಎದುರಾಳಿ ಥಾಮಸ್ ಜೆಫರ್ಸನ್ ಉಪಾಧ್ಯಕ್ಷರಾದರು. ಮುಂದಿನ ಸಲ ಜೆಫರ್ಸನ್ ಅವರಿಗೂ ಅವರದೇ ಪಕ್ಷದ ಆರನ್ ಬರ್ ಅವರಿಗೂ ಸಮಸಮ 73 ಮತ ಬಂದು ಫಜೀತಿಯಾಯಿತು. 1804ರಲ್ಲಿ ಸಂವಿಧಾನ ತಿದ್ದಿ ಎರಡು ಸ್ಥಾನಗಳಿಗೂ ಬೇರೆ ಬೇರೆ ಮತ ಎಂದು ಮಾಡಿದರು. ಅಲ್ಲಿಂದ ಮುಂದೆ ಜೋಡಿ ಹೊಂದಿಸುವ ಲೆಕ್ಕಾಚಾರ ಬೆಳೆಯಿತು. ಉತ್ತರದವನಿಗೆ ದಕ್ಷಿಣದವನು, ಕಿರಿಯನಿಗೆ ಅನುಭವಸ್ಥ. 1960ರಲ್ಲಿ ಮ್ಯಾಸಚೂಸೆಟ್ಸ್‌ನ ಕೆನಡಿ ಟೆಕ್ಸಾಸ್‌ನ ಜಾನ್ಸನ್ ಅವರನ್ನು ಆರಿಸಿಕೊಂಡದ್ದು ಈ ಲೆಕ್ಕದಿಂದಲೇ. 1945ರಲ್ಲಿ ರೂಸ್‌ವೆಲ್ಟ್ ತೀರಿಕೊಂಡಾಗ ಟ್ರೂಮನ್ ಉಪಾಧ್ಯಕ್ಷರಾಗಿ 82 ದಿನಗಳಷ್ಟೇ ಆಗಿದ್ದವು. ಅಣುಬಾಂಬಿನ ಪೂರ್ತಿ ವಿವರ ಅವರಿಗೆ ತಿಳಿದದ್ದು ಅಧ್ಯಕ್ಷರಾದ ಮೇಲೆ! ಜೋಡಿಯ ಚೆಂದ ನೋಡಿ ತಂದ ಎತ್ತಿಗೆ ಗಾಡಿ ಎತ್ತ ಹೊರಟಿದೆ ಎಂಬುದನ್ನೇ ಯಾರೂ ಹೇಳಿರಲಿಲ್ಲ.

ನಮ್ಮ ಸಂವಿಧಾನ ಮಾಡಿದವರು ಈ ಜೋಡಿಯನ್ನು ಒಂದೇ ನೊಗಕ್ಕೆ ಕಟ್ಟಲಿಲ್ಲ. ರಾಷ್ಟ್ರಪತಿಯನ್ನು ಸಂಸತ್ತಿನ ಮತ್ತು ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು ಆರಿಸುತ್ತಾರೆ. ಉಪರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಎರಡೂ ಸದನಗಳ ಸದಸ್ಯರು ಮಾತ್ರ. ಇಬ್ಬರೂ ಒಟ್ಟಿಗೆ ಓಟು ಕೇಳುವುದಿಲ್ಲ, ಒಬ್ಬರನ್ನೊಬ್ಬರು ಆರಿಸಿಕೊಳ್ಳುವುದೂ ಇಲ್ಲ. ಆದರೆ ಕಾನೂನು ಬಿಡಿಸಿದ ಜೋಡಿಯನ್ನು ಪಕ್ಷಗಳು ತೆರೆಮರೆಯಲ್ಲಿ ಮತ್ತೆ ಕಟ್ಟುತ್ತವೆ. ಯಾವ ಪ್ರಾಂತ, ಯಾವ ಮತ, ಯಾವ ಜಾತಿ ಎಂದು ತೂಗಿಯೇ ತೂಗುತ್ತವೆ.

ಈ ತೂಗಾಟಕ್ಕೂ ನಮ್ಮ ನಾಡಿಗೂ ಹಳೆಯ ನಂಟು. 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಇಲ್ಲಿಂದಲೇ ಹೋಗಿ ಉಪರಾಷ್ಟ್ರಪತಿಯಾದರು. ಅವರ ನಂತರ ಅದೇ ರಾಜಭವನಕ್ಕೆ ಬಂದ ಗೋಪಾಲ ಸ್ವರೂಪ ಪಾಠಕ್ 1969ರಲ್ಲಿ ಉಪರಾಷ್ಟ್ರಪತಿಯಾದರು. ಇಬ್ಬರ ನಡುವೆ ನಡೆದ ಪ್ರಕರಣಕ್ಕೂ ಬೆಂಗಳೂರೇ ರಂಗಸ್ಥಳ. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದವರೇ ರಾಷ್ಟ್ರಪತಿಯಾಗುವುದು ರಾಧಾಕೃಷ್ಣನ್ ಅವರ ಕಾಲದಿಂದ ರೂಢಿಯಾಗಿತ್ತು. ಆದರೆ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಪಾರ್ಲಿಮೆಂಟರಿ ಬೋರ್ಡು ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ, ಬಹುಮತದಿಂದ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯೆಂದು ನಿರ್ಧರಿಸಿತು. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಗಿರಿಯವರು ಉಪರಾಷ್ಟ್ರಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಸ್ವತಂತ್ರವಾಗಿ ನಿಂತರು, ಎರಡನೆಯ ಪ್ರಾಶಸ್ತ್ಯದ ಮತಗಳ ಎಣಿಕೆಯಲ್ಲಿ ಗೆದ್ದರು. ಆ ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಎರಡು ಹೋಳಾಯಿತು.

ಇವರಿಬ್ಬರೂ ನಮ್ಮ ರಾಜ್ಯಕ್ಕೆ ಬಂದು ಹೋದವರು. ಇಲ್ಲಿಯೇ ಹುಟ್ಟಿದವರು ಬಸಪ್ಪ ದಾನಪ್ಪ ಜತ್ತಿ. 1912ರಲ್ಲಿ ಜಮಖಂಡಿಯ ಸಾವಳಗಿಯಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿ ಮಾಡಿದರು. ಪುರಸಭೆಯಿಂದ ಮೇಲೇರಿ ಆ ಸಣ್ಣ ಸಂಸ್ಥಾನದಲ್ಲಿ ಮಂತ್ರಿಯಾದರು. ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಮೊರಾರ್ಜಿ ದೇಸಾಯಿಯವರ ಸರ್ಕಾರದಲ್ಲಿ ಉಪಮಂತ್ರಿ. ರಾಜ್ಯ ಒಂದಾದ ಮೇಲೆ ಭೂಸುಧಾರಣೆಯ ಸಮಿತಿಗೆ ಅಧ್ಯಕ್ಷರು. 1958ರಿಂದ 1962ರವರೆಗೆ ಮುಖ್ಯಮಂತ್ರಿ. ಆಮೇಲೆ ಅವರೇ ಇನ್ನೊಬ್ಬರ ಕೈಕೆಳಗೆ ಹಣಕಾಸು ಮಂತ್ರಿಯಾದರು. ಮೊದಲನೆಯ ಕುರ್ಚಿಯಿಂದ ಇಳಿದು ಎರಡನೆಯದರಲ್ಲಿ ಕೂರುವುದು ಎಲ್ಲರಿಗೂ ಸಾಧ್ಯವಾಗುವ ವಿದ್ಯೆಯಲ್ಲ. ಪಾಂಡಿಚೇರಿ, ಒರಿಸ್ಸಾಗಳ ರಾಜಭವನಗಳನ್ನು ಕಂಡು 1974ರ ಆಗಸ್ಟ್‌ನಲ್ಲಿ ಉಪರಾಷ್ಟ್ರಪತಿ ಚುನಾವಣೆಗೆ ನಿಂತರು. ಎದುರಾಳಿ ಎನ್.ಇ. ಹೋರೊ ಅವರಿಗೆ 141 ಮತ, ಜತ್ತಿಯವರಿಗೆ 521. ಅದೇ ತಿಂಗಳು ರಾಷ್ಟ್ರಪತಿಯಾದವರು ಅಸ್ಸಾಮಿನ ಫಕ್ರುದ್ದೀನ್ ಅಲಿ ಅಹ್ಮದ್. ಈಶಾನ್ಯಕ್ಕೆ ದಕ್ಷಿಣದ ಜೋಡಿ, ಮುಸ್ಲಿಮರಿಗೆ ಲಿಂಗಾಯತರ ಜೋಡಿ. ನೋಡುವವರಿಗೆ ಅಚ್ಚುಕಟ್ಟಾಗಿಯೇ ಇತ್ತು.

ಗಾಡಿಯ ಭಾರ ಹೆಗಲಿಗೆ ಬಿದ್ದದ್ದು 1977ರ ಫೆಬ್ರವರಿ 11ರಂದು. ಅಂದು ಅಹ್ಮದ್ ಅವರು ತೀರಿಕೊಂಡರು. ದೇಶದಲ್ಲಿ ಇನ್ನೂ ತುರ್ತುಪರಿಸ್ಥಿತಿ, ಎದುರಿಗೆ ಲೋಕಸಭಾ ಚುನಾವಣೆ. ಜತ್ತಿಯವರು ಹಂಗಾಮಿ ರಾಷ್ಟ್ರಪತಿ. ಮಾರ್ಚ್‌ನಲ್ಲಿ ಕಾಂಗ್ರೆಸ್ ಸೋತಿತು, 21ರಂದು ತುರ್ತುಪರಿಸ್ಥಿತಿ ರದ್ದಾಯಿತು, 24ರಂದು ಮೊರಾರ್ಜಿಯವರಿಗೆ ಪ್ರಮಾಣವಚನ ಬೋಧಿಸಿದವರು ಅದೇ ಮೊರಾರ್ಜಿಯವರ ಹಳೆಯ ಉಪಮಂತ್ರಿ!

ನಿಜವಾದ ಪರೀಕ್ಷೆ ಏಪ್ರಿಲ್‌ನಲ್ಲಿ ಬಂತು. ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಜನತಾ ಸರ್ಕಾರ ಸಲಹೆ ಕೊಟ್ಟಿತು. ಸುಪ್ರೀಂ ಕೋರ್ಟು ರಾಜ್ಯಗಳ ಅರ್ಜಿಯನ್ನು ತಳ್ಳಿಹಾಕಿತ್ತು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ಒಂದು ದಿನ ತಡೆದರು. ದೆಹಲಿ ಅಲ್ಲೋಲಕಲ್ಲೋಲವಾಯಿತು. ತನ್ನನ್ನು ಆರಿಸಿದ ಪಕ್ಷದ ಋಣ ತೀರಿಸುತ್ತಿದ್ದಾರೆ ಎಂದು ಕೆಲವರು, ಆತುರದ ಸರ್ಕಾರಕ್ಕೆ ಯೋಚಿಸಲು ಅವಕಾಶ ಕೊಟ್ಟರು ಎಂದು ಇನ್ನು ಕೆಲವರು. ಏಪ್ರಿಲ್ 30ರಂದು ಸಹಿ ಬಿತ್ತು. ಬೇರೆ ದಾರಿಯೂ ಇರಲಿಲ್ಲ. ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯಬೇಕೆಂದು 42ನೆಯ ತಿದ್ದುಪಡಿ ಕಟ್ಟುಮಾಡಿತ್ತು. ಸಲಹೆಯನ್ನು ಒಂದು ಸಲ ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರ ರಾಷ್ಟ್ರಪತಿಗೆ ಬಂದದ್ದು ಮರುವರ್ಷದ 44ನೆಯ ತಿದ್ದುಪಡಿಯಿಂದ.

ಆ ಒಂದು ದಿನ ತಪ್ಪೋ ಸರಿಯೋ ಎಂಬ ವಾದ ಮುಗಿಯುವಂಥದಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ. 1974ರಲ್ಲಿ ಅವರಿಗೆ ಓಟು ಹಾಕಿದ 521 ಜನರಲ್ಲಿ ಎಷ್ಟು ಮಂದಿ ಇಂಥ ದಿನವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರು? ನಮ್ಮ ಕಡೆ ಪಂಚಾಯಿತಿಯ ಉಪಾಧ್ಯಕ್ಷರನ್ನು ಆರಿಸುವಾಗಲೂ ಇದೇ ಕಥೆ. ಅಧ್ಯಕ್ಷರು ಆ ಕೇರಿಯವರಾದರೆ ಉಪಾಧ್ಯಕ್ಷರು ಈ ಕೇರಿಯವರಾಗಲಿ, ಎದುರು ಮಾತಾಡದವರಾದರೆ ಒಳ್ಳೆಯದು ಎನ್ನುತ್ತೇವೆ. ಸಮತೂಕ ಬೇಡವೆಂದು ನಾನು ಹೇಳುವುದಿಲ್ಲ. ಇಷ್ಟು ಬಗೆಯ ಜನರಿರುವ ನಾಡಿನಲ್ಲಿ ಒಂದೇ ಕೇರಿಯವರು ಎರಡು ಕುರ್ಚಿಯನ್ನೂ ಹಿಡಿದರೆ ಊರು ಒಪ್ಪದು, ಒಪ್ಪಲೂ ಬಾರದು. ಆದರೆ ತೂಕವಷ್ಟೇ ನೋಡಿ ಕೂರಿಸಿದವರ ಕೈಗೆ ಒಂದು ದಿನ ಮೊಹರು ಬರುತ್ತದೆ. ಆ ದಿನ ಅವರು ಯಾವ ಕೇರಿಯವರು ಎಂಬುದಕ್ಕಿಂತ ಮೊಹರು ಒತ್ತುವ ಮುನ್ನ ಕಾಗದ ಓದುವವರೇ ಎಂಬುದು ದೊಡ್ಡದಾಗುತ್ತದೆ.

1977ರ ಜುಲೈ 25ರಂದು ಹೊಸ ರಾಷ್ಟ್ರಪತಿ ಬಂದರು. ಎಂಟು ವರ್ಷದ ಹಿಂದೆ ಬೆಂಗಳೂರಿನಲ್ಲಿ ಹೆಸರು ಸೂಚಿತವಾಗಿ ಸೋತಿದ್ದ ಸಂಜೀವ ರೆಡ್ಡಿಯವರೇ, ಈ ಸಲ ಅವಿರೋಧವಾಗಿ. ಐದೂವರೆ ತಿಂಗಳು ದೇಶದ ಮೊದಲನೆಯ ಕುರ್ಚಿಯಲ್ಲಿದ್ದ ಜತ್ತಿಯವರು ಎದ್ದು ಜಾಗ ಬಿಟ್ಟುಕೊಟ್ಟರು. ತಮ್ಮ ಕುರ್ಚಿಗೆ ಮರಳಿ, 1979ರ ಆಗಸ್ಟ್‌ವರೆಗೆ ಉಪರಾಷ್ಟ್ರಪತಿಯಾಗಿಯೇ ಇದ್ದರು.